ಖಾತೆಗಳ ವಂಶವೃಕ್ಷ ಮತ್ತು ಒಟ್ಟು ಮೊತ್ತದ ಪ್ರಶ್ನೆ

ಲೆಕ್ಕವನ್ನು ಬರೆದಿಡುವುದು ಒಂದು ಕೆಲಸ. ಬರೆದಿಟ್ಟ ಲೆಕ್ಕವನ್ನು ಕೇಳಿ ಉತ್ತರ ಪಡೆಯುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ನಿಷ್ಠೆಯೊಂದಿದ್ದರೆ ಬಹುಮಟ್ಟಿಗೆ ಸಾಕು. ಎರಡನೆಯದರಲ್ಲಿ ಹಾಗಲ್ಲ. ಕೇಳುವ ಪ್ರಶ್ನೆಯ ಕಟ್ಟು ಲೆಕ್ಕದ ಕಟ್ಟಿಗೆ ಹೊಂದದೆ ಹೋದರೆ, ಪ್ರಾಮಾಣಿಕವಾಗಿ ಬರೆದ ಪುಸ್ತಕದಿಂದಲೂ ಸುಳ್ಳು ಮೊತ್ತ ಹೊರಬರುತ್ತದೆ. ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಅರಿವೆಯ ಕಡತದ ಮೇಲೆ ಬಳಪದಿಂದ ಜಮಾಖರ್ಚು ಬರೆದವನಾಗಲಿ, ಅನಂತರದ ಕಾಲದಲ್ಲಿ ಕಾಗದದ ಖಾತೆಕೀರ್ದಿಯನ್ನು ಇಟ್ಟ ಅಂಗಡಿಯ ಗುಮಾಸ್ತನಾಗಲಿ, ಸಣ್ಣ ಬಾಬುಗಳ ಮೊತ್ತವನ್ನು ತಾನೇ ಕೂಡಿ ದೊಡ್ಡ ಬಾಬಿಗೆ ಏರಿಸಬೇಕಾಗಿತ್ತು. ಏರಿಸುವ ಆ ಶ್ರಮದಲ್ಲಿಯೇ ಯಾವುದು ಯಾವುದರೊಳಗೆ ಅಡಕವೆಂಬ ತಿಳಿವಳಿಕೆ ಕೈಗೆ ಹತ್ತುತ್ತಿತ್ತು. ಇಂದು ಮನೆಯ ಲೆಕ್ಕ ಗಣಕಯಂತ್ರದ ದತ್ತಸಂಚಯದಲ್ಲಿ, ಎಂದರೆ ಡೇಟಾಬೇಸಿನಲ್ಲಿ, ಕುಳಿತಿದೆ. ಅಲ್ಲಿ ಮೊತ್ತವನ್ನು ಏರಿಸಿಡುವವರಿಲ್ಲ. ಕೇಳುವವನು ಕೇಳಿದ ಹೊತ್ತಿಗೆ, ಕೇಳಿದ ರೀತಿಯಲ್ಲಿ ಮಾತ್ರ ಅದು ಹುಟ್ಟಬೇಕು.

ವಿಷಯವನ್ನು ಒಂದು ಕಲ್ಪಿತ ಸಂಸಾರದ ಮೂಲಕ ನೋಡುವುದು ಸುಲಭ. ಮುಂಬಯಿಯ ಮಾಟುಂಗಾದಲ್ಲಿ ನೆಲೆಸಿದ ಒಬ್ಬ ಗೃಹಸ್ಥನು ಧಾರವಾಡದ ಹಿರಿಯರ ಮನೆಯ ಖರ್ಚನ್ನು ನೋಡಿಕೊಳ್ಳುತ್ತಾನೆ ಎಂದಿಟ್ಟುಕೊಳ್ಳಬಹುದು. ತಮ್ಮಂದಿರಲ್ಲಿ ಒಬ್ಬನು ಪುಣೆಯಲ್ಲಿ, ಇನ್ನೊಬ್ಬನು ಹೈದರಾಬಾದಿನಲ್ಲಿ. ವರ್ಷಾಂತ್ಯಕ್ಕೆ ಖರ್ಚನ್ನು ಮೂವರೂ ಸಮನಾಗಿ ಹಂಚಿಕೊಳ್ಳಬೇಕೆಂಬುದು ಒಡಂಬಡಿಕೆ. ಅಣ್ಣನು 'ಖರ್ಚು' ಎಂಬ ಖಾತೆಯ ಕೆಳಗೆ 'ಊರಮನೆ' ಎಂಬ ಖಾತೆಯನ್ನು ತೆರೆದು ಮೊದಮೊದಲು ಎಲ್ಲವನ್ನೂ ಅದರಲ್ಲಿಯೇ ಬರೆದನು. ಹಾಗೆ ಬರೆದದ್ದು 4,200 ರೂಪಾಯಿ. ಅನಂತರ ಅದನ್ನು ಒಡೆದು ಮೂರು ಉಪಖಾತೆಗಳನ್ನು ಮಾಡಿದನು. 'ಆಸ್ತಿ ತೆರಿಗೆ'ಗೆ 3,650 ಬಿತ್ತು. 'ದುರಸ್ತಿ'ಯ ಕೆಳಗೆ ಮತ್ತೆ 'ಛಾವಣಿ' ಮತ್ತು 'ಬಾವಿ' ಎಂದು ಎರಡು; ಅವಕ್ಕೆ ಕ್ರಮವಾಗಿ 48,000 ಮತ್ತು 12,500. 'ಅಮ್ಮನ ಆರೈಕೆ'ಯ ಕೆಳಗೆ 'ಔಷಧ'ಕ್ಕೆ 31,840, 'ಸಹಾಯಕಿಯ ಸಂಬಳ'ಕ್ಕೆ 72,000. 'ದುರಸ್ತಿ', 'ಅಮ್ಮನ ಆರೈಕೆ' ಎಂಬ ನಡುವಣ ಖಾತೆಗಳಲ್ಲಿ ನೇರವಾಗಿ ಏನನ್ನೂ ಬರೆದಿಲ್ಲ.

ಊರಮನೆಗೆ ಈ ವರ್ಷ ಎಷ್ಟು ಖರ್ಚಾಯಿತು? ತಮ್ಮಂದಿರು ಫೋನಿನಲ್ಲಿ ಕೇಳುವ ಪ್ರಶ್ನೆ ಇಷ್ಟೇ. ಉತ್ತರವು ದತ್ತಸಂಚಯದಲ್ಲಿ ಇದೆ. ಆದರೆ ಅದರ ಯಾವ ಒಂದು ಸಾಲಿನಲ್ಲಿಯೂ ಇಲ್ಲ. ಸಮಸ್ಯೆಯ ಬೇರು ಇಲ್ಲಿದೆ.

ಇಂತಹ ಲೆಕ್ಕಕ್ಕೆ ಬಳಕೆಯಲ್ಲಿರುವ ತಂತ್ರಾಂಶಗಳಲ್ಲಿ ಗ್ನೂಕ್ಯಾಶ್ ಪರೀಕ್ಷೆಗೆ ಅನುಕೂಲವಾದುದು, ಏಕೆಂದರೆ ಅದರ ಒಳರಚನೆ ಬಹಿರಂಗವಾಗಿದೆ. 1997ರಲ್ಲಿ ರಚನೆ ಮೊದಲಾಗಿ 1998ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ಈ ತಂತ್ರಾಂಶವು, 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಲೂಕಾ ಪಾಚಿಯೋಲಿಯ ಗ್ರಂಥವು ವಿವರಿಸಿದ ಜೋಡಿ ನಮೂದು ಪದ್ಧತಿಯನ್ನೇ ಅನುಸರಿಸುತ್ತದೆ. 2010ರ ಕೊನೆಯಲ್ಲಿ ಬಂದ 2.4ನೆಯ ಆವೃತ್ತಿಯಿಂದ ಲೆಕ್ಕವನ್ನು ಎಸ್‌ಕ್ಯೂಲೈಟ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ದತ್ತಸಂಚಯಗಳಲ್ಲಿ ಇಡುವ ಸೌಕರ್ಯ ಒದಗಿತು. ಒಳಗೆ ಮುಖ್ಯವಾದ ಕೋಷ್ಟಕಗಳು ಮೂರು. ಒಂದರಲ್ಲಿ ಖಾತೆಗಳು, ಒಂದರಲ್ಲಿ ವ್ಯವಹಾರಗಳು, ಮತ್ತೊಂದರಲ್ಲಿ ಒಂದೊಂದು ವ್ಯವಹಾರದ ಬಾಬುಗಳು. ಛಾವಣಿಯ ಹೆಂಚಿಗೆ ಬ್ಯಾಂಕಿನಿಂದ ಹಣ ಕೊಟ್ಟರೆ ವ್ಯವಹಾರ ಒಂದೇ. ಬಾಬುಗಳು ಎರಡು, ಬ್ಯಾಂಕ್ ಖಾತೆಗೆ ಋಣ, ಛಾವಣಿ ಖಾತೆಗೆ ಧನ. ಎರಡನ್ನೂ ಕೂಡಿದರೆ ಸೊನ್ನೆ. ಪ್ರತಿಯೊಂದು ಖಾತೆಗೂ ಮೂವತ್ತೆರಡು ಅಕ್ಷರಗಳ ಒಂದು ಗುರುತು ಇರುತ್ತದೆ. ಅದೇ ಸಾಲಿನ ಇನ್ನೊಂದು ಅಂಕಣದಲ್ಲಿ ಆ ಖಾತೆಯ ಮಾತೃಖಾತೆಯ ಗುರುತು. ಶ್ರೇಣಿಯ ಬಗೆಗೆ ಈ ಕೋಷ್ಟಕಕ್ಕೆ ಗೊತ್ತಿರುವುದು ಇಷ್ಟು ಮಾತ್ರ. 'ಛಾವಣಿ'ಗೆ ತನ್ನ ತಾಯಿ 'ದುರಸ್ತಿ' ಎಂದು ಗೊತ್ತು. ಅಜ್ಜಿ ಯಾರೆಂದು ಗೊತ್ತಿಲ್ಲ. 'ಊರಮನೆ'ಗೆ ತನ್ನ ಮಕ್ಕಳು ಯಾರು, ಎಷ್ಟು ಮಂದಿ ಎಂಬುದೂ ಗೊತ್ತಿಲ್ಲ.

ಈಗ ಅಣ್ಣನು ಎಸ್‌ಕ್ಯೂಎಲ್ ಎಂಬ ಪ್ರಶ್ನಭಾಷೆಯಲ್ಲಿ, 'ಊರಮನೆ' ಖಾತೆಗೆ ಸೇರಿದ ಬಾಬುಗಳನ್ನು ಕೂಡು ಎಂದು ಕೇಳುತ್ತಾನೆ. ಯಂತ್ರವು 4,200 ಎನ್ನುತ್ತದೆ. ಇಷ್ಟು ಕಡಮೆಯೇ ಎಂದು ಅನುಮಾನಿಸಿ, ಆ ಖಾತೆಯನ್ನೂ ಅದನ್ನು ತಾಯಿಯೆಂದು ಹೇಳುವ ಖಾತೆಗಳನ್ನೂ ಸೇರಿಸಿ ಕೇಳುತ್ತಾನೆ. 7,850 ಎಂದು ಉತ್ತರ ಬರುತ್ತದೆ. ನಿಜವಾದ ಮೊತ್ತ 1,72,190. ಮೂರೂ ಉತ್ತರಗಳು ಒಂದೇ ಪುಸ್ತಕದಿಂದ, ಒಂದೇ ಕ್ಷಣದಲ್ಲಿ ಬಂದವು. ಮೊದಲನೆಯ ಎರಡರ ಜೊತೆಗೆ ಯಾವ ಎಚ್ಚರಿಕೆಯೂ ಬರಲಿಲ್ಲ, ದೋಷಸೂಚನೆಯೂ ಮೂಡಲಿಲ್ಲ. ಏಕೆಂದರೆ ಯಂತ್ರದ ದೃಷ್ಟಿಯಿಂದ ಅವು ತಪ್ಪೇ ಅಲ್ಲ. ಕೇಳಿದ್ದಕ್ಕೆ ಅದು ಸರಿಯಾಗಿಯೇ ಹೇಳಿದೆ. ತಮ್ಮನ ಪಾಲಿಗೆ ಮಾತ್ರ, ಬರುವ ಲೆಕ್ಕವು 2,617 ರೂಪಾಯಿಯೋ 57,397 ರೂಪಾಯಿಯೋ ಎಂಬುದು ಸಣ್ಣ ಭೇದವಲ್ಲ. ಒಂದು ವರ್ಷ ಕಡಮೆ ಹೇಳಿ ಮರುವರ್ಷ ಅದನ್ನು ತಿದ್ದಲು ಹೊರಟ ಅಣ್ಣನ ಮಾತನ್ನು ಯಾರು ನಂಬುವರು? ಕೂಡು ಕುಟುಂಬಗಳ ಮನಸ್ತಾಪಗಳಲ್ಲಿ ಎಷ್ಟೋ ಇಂತಹ ಅಂಕಿಗಳಿಂದಲೇ ಮೊದಲಾಗಿವೆ.

ಯಂತ್ರವು ತಾನಾಗಿ ಕೆಳಗಿಳಿದು ಏಕೆ ಕೂಡುವುದಿಲ್ಲ? ಇದರ ಉತ್ತರ ದತ್ತಸಂಚಯ ಶಾಸ್ತ್ರದ ಚರಿತ್ರೆಯಲ್ಲಿದೆ. 1960ರ ದಶಕದ ಉತ್ತರಾರ್ಧದಲ್ಲಿ ಐಬಿಎಂ ಸಂಸ್ಥೆಯು ಅಮೆರಿಕದ ಅಪೊಲೊ ಚಂದ್ರಯಾನದ ಬಿಡಿಭಾಗಗಳ ಪಟ್ಟಿಯನ್ನು ಇಡುವ ಸಲುವಾಗಿ ರೂಪಿಸಿದ ಐಎಂಎಸ್ ಎಂಬ ವ್ಯವಸ್ಥೆಯು ವೃಕ್ಷಾಕಾರವೇ ಆಗಿತ್ತು. ಯಂತ್ರದ ಕೆಳಗೆ ಉಪಯಂತ್ರ, ಅದರ ಕೆಳಗೆ ತಿರುಪು. ಅಲ್ಲಿ ಮೇಲಿಂದ ಕೆಳಗೆ ಇಳಿಯುವುದು ಸಹಜ. ಆದರೆ ಬೇರೆ ದಿಕ್ಕಿನಿಂದ ಪ್ರಶ್ನೆ ಕೇಳುವುದು ಕಷ್ಟ, ರಚನೆ ಬದಲಾದರೆ ಹಳೆಯ ಪ್ರಶ್ನೆಗಳೆಲ್ಲ ಕೆಡುತ್ತವೆ. 1970ರಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞನು ಇದನ್ನು ಖಂಡಿಸಿ, ಎಲ್ಲವನ್ನೂ ಸಮತಟ್ಟಾದ ಕೋಷ್ಟಕಗಳಲ್ಲಿಟ್ಟು ಸಂಬಂಧಗಳನ್ನು ಮೌಲ್ಯಗಳ ಮೂಲಕವೇ ಸೂಚಿಸಬೇಕೆಂದು ಪ್ರತಿಪಾದಿಸಿದನು. ಆತನ ಮತವೇ ಗೆದ್ದಿತು. ಗೆಲುವಿಗೆ ತೆತ್ತ ಬೆಲೆಯೂ ಇತ್ತು. 1979ರಲ್ಲಿ ಆಲ್‌ಫ್ರೆಡ್ ಏಹೋ ಮತ್ತು ಜೆಫ್ರಿ ಉಲ್‌ಮನ್ ಎಂಬ ವಿದ್ವಾಂಸರು ಒಂದು ಮಾತನ್ನು ಗಣಿತದಿಂದಲೇ ಸಾಧಿಸಿ ತೋರಿಸಿದರು: ಕಾಡ್ ಕೊಟ್ಟ ಮೂಲ ಬೀಜಗಣಿತದಲ್ಲಿ, 'ಮಗ, ಮೊಮ್ಮಗ, ಮರಿಮಗ ಹೀಗೆ ಎಷ್ಟು ತಲೆಮಾರಾದರೂ ಸರಿ, ವಂಶಜರೆಲ್ಲರನ್ನೂ ಕೊಡು' ಎಂಬ ಪ್ರಶ್ನೆಯನ್ನು ಬರೆಯಲು ಸಾಧ್ಯವೇ ಇಲ್ಲ. ಎರಡು ತಲೆಮಾರು ಎಂದು ಗೊತ್ತಿದ್ದರೆ ಎರಡು ಸಲ ಜೋಡಿಸಬಹುದು, ಐದೆಂದು ಗೊತ್ತಿದ್ದರೆ ಐದು ಸಲ. ಎಷ್ಟೆಂದು ಗೊತ್ತಿಲ್ಲದಿದ್ದರೆ ದಾರಿಯಿಲ್ಲ. ಮನೆಯ ಲೆಕ್ಕದಲ್ಲಿ ಯಾವ ಖಾತೆಯನ್ನು ಯಾವಾಗ ಮತ್ತೆ ಒಡೆಯಬೇಕಾಗುವುದೋ ಬಲ್ಲವರಾರು? ಅಣ್ಣನ 7,850 ಎಂಬ ಉತ್ತರವು ಒಂದೇ ತಲೆಮಾರಿಗೆ ನಿಂತ ಪ್ರಶ್ನೆಯ ಫಲ.

ಈ ಕೊರತೆಯನ್ನು ತುಂಬುವ ಪ್ರಯತ್ನಗಳು ಬೇಗನೆ ನಡೆದವು. ಒರೇಕಲ್ ಸಂಸ್ಥೆ ತನ್ನ ದತ್ತಸಂಚಯಕ್ಕೆ ಮಾತ್ರ ಸಲ್ಲುವ ಒಂದು ವಾಕ್ಯರಚನೆಯನ್ನು 1980ರ ದಶಕದಲ್ಲಿಯೇ ಒದಗಿಸಿತ್ತು. ಸರ್ವಮಾನ್ಯವಾದ ರೂಪ ಬಂದದ್ದು 1999ರ ಎಸ್‌ಕ್ಯೂಎಲ್ ಪ್ರಮಾಣದಲ್ಲಿ, 'ವಿತ್ ರಿಕರ್ಸಿವ್' ಎಂಬ ಪದಗಳೊಡನೆ. ಪ್ರಮಾಣವಾದೊಡನೆ ಎಲ್ಲರೂ ಅದನ್ನು ಅಳವಡಿಸಿದರೆಂದಲ್ಲ. ಪೋಸ್ಟ್‌ಗ್ರೆಸ್ 2009ರಲ್ಲಿ, ಎಸ್‌ಕ್ಯೂಲೈಟ್ 2014ರಲ್ಲಿ, ಮೈಎಸ್‌ಕ್ಯೂಎಲ್ 2018ರಲ್ಲಿ ಇದನ್ನು ಸೇರಿಸಿಕೊಂಡವು. ಹಳೆಯ ಪುಸ್ತಕಗಳಲ್ಲಿ ಕಾಣುವ ಸುತ್ತುಬಳಸಿನ ಉಪಾಯಗಳು ಈ ವಿಳಂಬದ ಸಂತಾನ.

ರಿಕರ್ಸಿವ್ ಪ್ರಶ್ನೆಯೆಂದರೆ ತನ್ನ ಉತ್ತರವನ್ನೇ ಮತ್ತೆ ತನಗೆ ಪ್ರಶ್ನೆಯಾಗಿ ಒಡ್ಡಿಕೊಳ್ಳುವ ಪ್ರಶ್ನೆ. ಅದಕ್ಕೆ ಎರಡು ಭಾಗಗಳಿರುತ್ತವೆ. ಮೊದಲ ಭಾಗವು ಎಲ್ಲಿಂದ ಹೊರಡಬೇಕೆಂಬುದನ್ನು ಹೇಳುತ್ತದೆ: 'ಊರಮನೆ' ಖಾತೆಯ ಸಾಲನ್ನು ತೆಗೆದುಕೊ. ಎರಡನೆಯ ಭಾಗವು ಹೇಗೆ ಮುಂದುವರಿಯಬೇಕೆಂಬುದನ್ನು ಹೇಳುತ್ತದೆ: ಈಗ ಕೈಯಲ್ಲಿರುವ ಖಾತೆಗಳನ್ನು ತಾಯಿಯೆಂದು ಹೇಳುವ ಖಾತೆಗಳನ್ನು ತೆಗೆದುಕೊ. ಯಂತ್ರವು ಮೊದಲ ಸುತ್ತಿನಲ್ಲಿ 'ಊರಮನೆ'ಯನ್ನು ಹಿಡಿಯುತ್ತದೆ. ಎರಡನೆಯ ಸುತ್ತಿನಲ್ಲಿ ತೆರಿಗೆ, ದುರಸ್ತಿ, ಆರೈಕೆ ಮೂರನ್ನು. ಮೂರನೆಯ ಸುತ್ತಿನಲ್ಲಿ ಛಾವಣಿ, ಬಾವಿ, ಔಷಧ, ಸಂಬಳ ನಾಲ್ಕನ್ನು. ನಾಲ್ಕನೆಯ ಸುತ್ತಿನಲ್ಲಿ ಹೊಸತೇನೂ ಸಿಕ್ಕದು, ಅಲ್ಲಿಗೆ ನಿಲ್ಲುತ್ತದೆ. ಹೀಗೆ ಕೂಡಿದ ಎಂಟು ಖಾತೆಗಳ ಪಟ್ಟಿಯನ್ನು ಬಾಬುಗಳ ಕೋಷ್ಟಕದೊಡನೆ ಜೋಡಿಸಿ, ದಿನಾಂಕಕ್ಕಾಗಿ ವ್ಯವಹಾರಗಳ ಕೋಷ್ಟಕವನ್ನೂ ಸೇರಿಸಿ ಕೂಡಿದರೆ 1,72,190 ದೊರೆಯುತ್ತದೆ. ಮುಂದೆ 'ಬಾವಿ'ಯನ್ನು 'ಪಂಪು', 'ಹೂಳೆತ್ತುವಿಕೆ' ಎಂದು ಮತ್ತೆ ಒಡೆದರೂ ಪ್ರಶ್ನೆಯ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ. ಹಾದುಬಂದ ಹೆಸರುಗಳನ್ನು ಸುತ್ತುಸುತ್ತಿಗೂ ಪೋಣಿಸಿಕೊಂಡು ಹೋಗುವಂತೆ ಹೇಳಿದರೆ, 'ಊರಮನೆ, ದುರಸ್ತಿ, ಛಾವಣಿ' ಎಂಬ ಪೂರ್ತಿ ವಿಳಾಸವೂ ಸಿದ್ಧವಾಗುತ್ತದೆ. ಯಾವ ಕಾರಣದಿಂದಲಾದರೂ ಒಂದು ಖಾತೆ ತನ್ನ ಮೊಮ್ಮಗಳ ಮಗಳೇ ಆಗಿಬಿಟ್ಟರೆ ಸುತ್ತು ಮುಗಿಯುವುದೇ ಇಲ್ಲ. ಎರಡು ಭಾಗಗಳನ್ನು ಬರಿಯ 'ಯೂನಿಯನ್' ಪದದಿಂದ ಬೆಸೆದರೆ, ಒಮ್ಮೆ ಕಂಡ ಗುರುತನ್ನು ಮತ್ತೆ ಲೆಕ್ಕಕ್ಕೆ ಹಿಡಿಯುವುದಿಲ್ಲವಾಗಿ ಆ ಅಪಾಯ ತಪ್ಪುತ್ತದೆ. 'ಯೂನಿಯನ್ ಆಲ್' ಎಂದರೆ ತಪ್ಪದು. ಗುರುತಿನ ಜೊತೆಗೆ ಸುತ್ತಿನ ಸಂಖ್ಯೆಯನ್ನೋ ಪೋಣಿಸಿದ ವಿಳಾಸವನ್ನೋ ಹೊತ್ತುಕೊಂಡು ಹೋದರೆ ಪ್ರತಿ ಸಾಲೂ ಹೊಸದೆಂದೇ ತೋರುವುದರಿಂದ ಈ ರಕ್ಷಣೆಯೂ ಇಲ್ಲವಾಗುತ್ತದೆ.

ತಾಯಿಯ ಗುರುತನ್ನು ಬರೆದಿಡುವುದೊಂದೇ ಮಾರ್ಗವಲ್ಲ. ಲೆಡ್ಜರ್, ಬೀನ್‌ಕೌಂಟ್ ಎಂಬ ತಂತ್ರಾಂಶಗಳಲ್ಲಿ ಖಾತೆಯ ಹೆಸರೇ ಪೂರ್ತಿ ವಿಳಾಸವಾಗಿರುತ್ತದೆ, ನಡುವೆ ವಿಸರ್ಗದಂತಹ ಎರಡು ಚುಕ್ಕೆ ಇಟ್ಟು 'ಖರ್ಚು:ಮನೆ:ಬಾಡಿಗೆ' ಎಂಬಂತೆ. ಅಂತಹ ಹೆಸರುಗಳನ್ನು ದತ್ತಸಂಚಯಕ್ಕೆ ಇಳಿಸಿಕೊಂಡವನಿಗೆ ವಂಶವನ್ನು ಹುಡುಕುವುದು ಮೇಲ್ನೋಟಕ್ಕೆ ಅತಿ ಸುಲಭ; 'ಖರ್ಚು:ಮನೆ' ಎಂದು ಆರಂಭವಾಗುವ ಹೆಸರುಗಳನ್ನೆಲ್ಲ ಕೂಡಿದರಾಯಿತು. ಆದರೆ ಅದೇ ಪುಸ್ತಕದಲ್ಲಿ ಮಗನ ಪಾಠದ ಫೀಜಿಗಾಗಿ 'ಖರ್ಚು:ಮನೆಪಾಠ' ಎಂಬ ಖಾತೆಯಿದ್ದರೆ ಅದೂ ಈ ಬಲೆಗೆ ಬೀಳುತ್ತದೆ. ಪದಕ್ಕೆ ಪದವನ್ನು ಬೆಸೆದು ಸಮಾಸ ಮಾಡುವ ಕನ್ನಡದಂತಹ ಭಾಷೆಯಲ್ಲಿ ಈ ಎಡವಟ್ಟು ಹೆಜ್ಜೆಹೆಜ್ಜೆಗೂ ಸಂಭವಿಸತಕ್ಕದ್ದು. ಹೆಸರು 'ಖರ್ಚು:ಮನೆ' ಎಂಬಷ್ಟೇ ಆಗಿರಬೇಕು, ಇಲ್ಲವೆ 'ಖರ್ಚು:ಮನೆ:' ಎಂದು ಚುಕ್ಕೆಗಳ ಸಮೇತ ಆರಂಭವಾಗಬೇಕು ಎಂದು ಎರಡು ಷರತ್ತುಗಳನ್ನು ಹಾಕಿದರೆ ಮಾತ್ರ ಉತ್ತರ ಶುದ್ಧವಾಗುತ್ತದೆ.

ಭಾರತದ ಸರ್ಕಾರಿ ಲೆಕ್ಕಶೀರ್ಷಿಕೆಗಳ ಪದ್ಧತಿ ಇದೇ ವಿಚಾರದ ಅಂಕರೂಪ. ಪ್ರಧಾನ ಶೀರ್ಷಿಕೆಗೆ ನಾಲ್ಕು ಅಂಕಿ, ಉಪಪ್ರಧಾನಕ್ಕೆ ಎರಡು, ಕಿರುಶೀರ್ಷಿಕೆಗೆ ಮೂರು, ಮುಂದಿನ ಮೂರು ಹಂತಗಳಿಗೆ ಎರಡೆರಡು. ಹೀಗೆ ಆರು ಹಂತ, ಹದಿನೈದು ಅಂಕಿ. 2202 ಎಂದೊಡನೆ ಸಾಮಾನ್ಯ ಶಿಕ್ಷಣವೆಂದು ಖಜಾನೆಯವರು ತಿಳಿಯುವರು. ಅಂಕಿಗಳ ಅಗಲ ನಿಶ್ಚಿತವಾದುದರಿಂದ ಮನೆಪಾಠದಂತಹ ಗೊಂದಲ ಇಲ್ಲಿ ಹುಟ್ಟದು. ಆದರೆ ಏಳನೆಯ ಹಂತ ಬೇಕೆಂದರೆ ಇಡೀ ಮನೆಯನ್ನೇ ಬಿಚ್ಚಿ ಕಟ್ಟಬೇಕು. ಆಡಳಿತಕ್ಕೆ ಹೊಂದುವ ಈ ಬಿಗಿ ಸಂಸಾರಕ್ಕೆ ಹೊಂದದು. ಪ್ರತಿ ಖಾತೆಗೂ ಎಡ ಬಲ ಎಂದು ಎರಡು ಸಂಖ್ಯೆಗಳನ್ನು ಕೊಟ್ಟು, ಒಂದರ ವ್ಯಾಪ್ತಿಯೊಳಗೆ ಇನ್ನೊಂದರ ವ್ಯಾಪ್ತಿ ಅಡಗುವಂತೆ ಮಾಡುವ ಮತ್ತೊಂದು ವಿಧಾನವನ್ನು ಜೋ ಸೆಲ್ಕೊ ಎಂಬ ಲೇಖಕನು ಪ್ರಚಾರಕ್ಕೆ ತಂದನು. ಓದುವಾಗ ಅದು ವೇಗವಾದುದು, ಒಂದು ಖಾತೆಯನ್ನು ಹೊಸದಾಗಿ ಸೇರಿಸಿದರೆ ಮಾತ್ರ ಹಲವು ಸಾಲುಗಳನ್ನು ತಿದ್ದಬೇಕಾಗುತ್ತದೆ. ಕೆಲವು ನೂರು ಖಾತೆಗಳ ಮನೆಲೆಕ್ಕಕ್ಕೆ ತಾಯಿಯ ಗುರುತೂ ರಿಕರ್ಸಿವ್ ಪ್ರಶ್ನೆಯೂ ಧಾರಾಳವಾಗಿ ಸಾಕು.

ನಡೆದು ಕೂಡುವ ಪ್ರಶ್ನೆಯನ್ನು ಕಲಿತವನು ಬೀಳುವ ಹೊಸ ಹಳ್ಳಗಳೂ ಉಂಟು. ಮೊದಲನೆಯದು ಕಡಮೆಯ ತಪ್ಪಲ್ಲ, ಹೆಚ್ಚಿನ ತಪ್ಪು. ಪ್ರತಿಯೊಂದು ಖಾತೆಗೂ ಅದರ ವಂಶದ ಪೂರ್ತಿ ಮೊತ್ತವನ್ನು ಒಂದೇ ಪಟ್ಟಿಯಲ್ಲಿ ಕಾಣುವ ಆಸೆ ಸಹಜ. ಅದಕ್ಕಾಗಿ ಪ್ರತಿ ಖಾತೆಯನ್ನೂ ತನಗೆ ತಾನೇ ಪೂರ್ವಜನೆಂದು ಇಟ್ಟು ಹೊರಟು, ಪೂರ್ವಜ ವಂಶಜರ ಜೋಡಿಗಳನ್ನು ಹುಟ್ಟಿಸಬೇಕು. ಮೇಲಿನ ಎಂಟು ಖಾತೆಗಳಿಂದ ಹತ್ತೊಂಬತ್ತು ಜೋಡಿಗಳು ಬರುತ್ತವೆ. ಪೂರ್ವಜನ ಹೆಸರಿನಲ್ಲಿ ಗುಂಪು ಮಾಡಿದರೆ 'ದುರಸ್ತಿ'ಗೆ 60,500, 'ಅಮ್ಮನ ಆರೈಕೆ'ಗೆ 1,03,840, 'ಊರಮನೆ'ಗೆ 1,72,190 ಎಂದು ಚೆನ್ನಾದ ಪಟ್ಟಿ ಸಿದ್ಧವಾಗುತ್ತದೆ. ಆ ಪಟ್ಟಿಯ ಕೆಳಗೆ ಗೆರೆ ಎಳೆದು ಒಟ್ಟು ಹಾಕಿದರೆ ಬರುವುದು 5,04,520. ಛಾವಣಿಯ 48,000 ಮೂರು ಸಲ ಸೇರಿತು: ತನ್ನ ಹೆಸರಿನಲ್ಲಿ ಒಮ್ಮೆ, ತಾಯಿಯ ಹೆಸರಿನಲ್ಲಿ ಒಮ್ಮೆ, ಅಜ್ಜಿಯ ಹೆಸರಿನಲ್ಲಿ ಒಮ್ಮೆ. ಪಟ್ಟಿಯ ಪ್ರತಿ ಸಾಲೂ ನಿಜ, ಮೊತ್ತ ಸುಳ್ಳು. ಪಟ್ಟಿಯನ್ನು ತಮ್ಮಂದಿರಿಗೆ ಕಳುಹಿಸುವವನು ಅವರು ಅದನ್ನು ಕೂಡಿ ನೋಡುವರೆಂದು ಎಣಿಸಿ, ನೇರ ಮೊತ್ತ ಮತ್ತು ಏರಿಸಿದ ಮೊತ್ತ ಎರಡನ್ನೂ ಬೇರೆ ಬೇರೆ ಅಂಕಣಗಳಲ್ಲಿ ಕೊಡುವುದು ಮೇಲು. ನೇರ ಮೊತ್ತದ ಅಂಕಣವನ್ನು ಎಷ್ಟು ಬೇಕಾದರೂ ಕೂಡಬಹುದು.

ಹೆಸರಿನಿಂದ ಹುಡುಕುವುದು ಎರಡನೆಯ ಹಳ್ಳ. ಗ್ನೂಕ್ಯಾಶ್ ಒಂದೇ ತಾಯಿಯ ಇಬ್ಬರು ಮಕ್ಕಳಿಗೆ ಒಂದೇ ಹೆಸರನ್ನು ಇಡಗೊಡುವುದಿಲ್ಲ; ಬೇರೆ ಬೇರೆ ತಾಯಂದಿರ ಮಕ್ಕಳಿಗೆ ಅಡ್ಡಿಯಿಲ್ಲ. ಮುಂಬಯಿಯ ಮನೆಮಂದಿಯ ಔಷಧಕ್ಕೂ ಧಾರವಾಡದ ಅಮ್ಮನ ಔಷಧಕ್ಕೂ ಖಾತೆಯ ಹೆಸರು 'ಔಷಧ'ವೇ ಆಗಿರಬಹುದು. ಹೆಸರನ್ನು ಮಾತ್ರ ಹಿಡಿದು ಕೇಳಿದರೆ ಎರಡೂ ಬೆರೆತು ಬರುತ್ತವೆ. ಹೊರಡುವ ಸ್ಥಾನವನ್ನು ಗುರುತಿನಿಂದಲೇ ಹೇಳಬೇಕು, ಹೆಸರಿನಿಂದಲ್ಲ. ಇಡೀ ಪುಸ್ತಕವನ್ನು ನಡೆಯುವುದಾದರೂ ಹೀಗೆಯೇ. ಅದರಲ್ಲಿ 'ರೂಟ್' ವರ್ಗದ ಖಾತೆಗಳು ಎರಡಿರುತ್ತವೆ. ಒಂದು ನಿಜವಾದ ಖಾತೆಗಳಿಗೆ, ಇನ್ನೊಂದು ನಿಗದಿತ ದಿನಗಳಲ್ಲಿ ತಾನಾಗಿ ಬರೆಯಬೇಕಾದ ವ್ಯವಹಾರಗಳ ಮಾದರಿಗಳಿಗೆ. ನಿಜವಾದ ಬೇರು ಯಾವುದೆಂಬುದನ್ನು ಪುಸ್ತಕಗಳ ಕೋಷ್ಟಕವು ಹೇಳುತ್ತದೆ.

ಪೈಸೆಯ ವಿಷಯ ಸಣ್ಣದೆಂದು ತೋರಿದರೂ ತಿಳಿದಿರತಕ್ಕದ್ದು. ಈ ದತ್ತಸಂಚಯವು ಮೊತ್ತವನ್ನು ದಶಮಾಂಶವಾಗಿ ಅಲ್ಲ, ಅಂಶ ಮತ್ತು ಛೇದಗಳೆಂಬ ಎರಡು ಪೂರ್ಣಾಂಕಗಳಾಗಿ ಇಡುತ್ತದೆ. 249 ರೂಪಾಯಿ 50 ಪೈಸೆಯೆಂದರೆ 24950 ಮತ್ತು 100. ಎಸ್‌ಕ್ಯೂಲೈಟಿನಲ್ಲಿಯೂ ಪೋಸ್ಟ್‌ಗ್ರೆಸ್ಸಿನಲ್ಲಿಯೂ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಶೇಷವು ಬಿದ್ದುಹೋಗುತ್ತದೆ. 249.50, 118.75, 86.90 ಎಂಬ ಮೂರು ಔಷಧದ ಬಿಲ್ಲುಗಳನ್ನು ಮೊದಲು ಭಾಗಿಸಿ ಅನಂತರ ಕೂಡಿದರೆ 453, ನಿಜ 455.15. ಅಂಶಗಳನ್ನು ಮೊದಲು ಕೂಡಿ, ಛೇದ ಎಲ್ಲಕ್ಕೂ ಒಂದೇ ಎಂದು ನೋಡಿಕೊಂಡು, ಕೊನೆಯಲ್ಲಿ 100.0 ಎಂಬ ದಶಮಾಂಶದಿಂದ ಭಾಗಿಸುವುದು ಸರಿಯಾದ ಕ್ರಮ.

ಆಸ್ತಿಯ ಕಡೆಗೆ ತಿರುಗಿದರೆ ಕೂಡುವಿಕೆಯೇ ಪ್ರಶ್ನಾರ್ಹವಾಗುತ್ತದೆ. 'ಹೂಡಿಕೆ' ಎಂಬ ಖಾತೆಯ ಕೆಳಗೆ ರೂಪಾಯಿಯ ಠೇವಣಿಯೂ ಇರುತ್ತದೆ, ಮ್ಯೂಚುವಲ್ ಫಂಡಿನ ಯೂನಿಟ್ಟುಗಳೂ ಇರುತ್ತವೆ. ಪ್ರತಿ ಬಾಬಿಗೂ ಮೌಲ್ಯ ಬೇರೆ, ಪರಿಮಾಣ ಬೇರೆ. ಪರಿಮಾಣವನ್ನು ಕೂಡಿದರೆ ನೂರೈವತ್ತು ಯೂನಿಟ್ಟಿಗೆ ಇಪ್ಪತ್ತು ಸಾವಿರ ರೂಪಾಯಿ ಸೇರಿಸಿದಂತೆ ಅರ್ಥಹೀನ. ಮೌಲ್ಯವನ್ನು ಕೂಡಿದರೆ ಕೊಂಡ ಕಾಲದ ಬೆಲೆ ಬರುತ್ತದೆಯೇ ಹೊರತು ಇಂದಿನ ಬೆಲೆಯಲ್ಲ. ಅದಕ್ಕೆ ದರಗಳ ಕೋಷ್ಟಕದಿಂದ ಇತ್ತೀಚಿನ ದರವನ್ನು ತಂದು, ಒಂದೊಂದು ಖಾತೆಯ ಪರಿಮಾಣಕ್ಕೂ ಗುಣಿಸಿ, ಆಮೇಲೆ ಮೇಲಕ್ಕೆ ಏರಿಸಬೇಕು. ವೃಕ್ಷವು ಒಂದಾಗಿದೆಯೆಂಬ ಮಾತ್ರಕ್ಕೆ ಅದರ ಹಣ್ಣುಗಳೆಲ್ಲ ಒಂದೇ ತಕ್ಕಡಿಗೆ ಸಲ್ಲವು.

ದಿನಾಂಕದಲ್ಲಿ ಭಾರತೀಯರಿಗೆ ವಿಶೇಷವಾಗಿ ತಗಲುವ ಒಂದು ತೊಡಕಿದೆ. ಗ್ನೂಕ್ಯಾಶಿನ ಹಳೆಯ ಆವೃತ್ತಿಗಳು ವ್ಯವಹಾರದ ದಿನವನ್ನು ಸ್ಥಳೀಯ ಮಧ್ಯರಾತ್ರಿಯೆಂದು ಹಿಡಿದು ಅದನ್ನು ಗ್ರೀನಿಚ್ ಕಾಲಕ್ಕೆ ಪರಿವರ್ತಿಸಿ ಬರೆಯುತ್ತಿದ್ದವು. ನಮ್ಮ ಕಾಲವು ಐದೂವರೆ ಗಂಟೆ ಮುಂದಿರುವುದರಿಂದ ಏಪ್ರಿಲ್ 1ರ ಖರ್ಚು ಕೋಷ್ಟಕದಲ್ಲಿ ಮಾರ್ಚ್ 31ರ ಸಂಜೆ ಆರೂವರೆಗೆ ಕುಳಿತಿರುತ್ತದೆ. ದಿನಾಂಕದ ಅಕ್ಷರಗಳನ್ನು ಮಾತ್ರ ನೋಡಿ ಆರ್ಥಿಕ ವರ್ಷವನ್ನು ಬೇರ್ಪಡಿಸಿದರೆ ಆ ಖರ್ಚು ಹಿಂದಿನ ವರ್ಷಕ್ಕೆ ಸೇರಿಹೋಗುತ್ತದೆ.

ಇವೆಲ್ಲವನ್ನೂ ತಾಳೆ ನೋಡುವ ಬಗೆ ಬ್ಯಾಂಕಿನವರಿಗೆ ಹೊಸತಲ್ಲ. ನಿಜವಾದ ಬೇರಿನಿಂದ ಹೊರಟು ನಡೆದಾಗ ಸಿಕ್ಕ ಖಾತೆಗಳ ಸಂಖ್ಯೆಯೂ ಕೋಷ್ಟಕದಲ್ಲಿರುವ ಖಾತೆಗಳ ಸಂಖ್ಯೆಯೂ, ಮಾದರಿಗಳನ್ನು ಬಿಟ್ಟು, ಒಂದೇ ಆಗಿರಬೇಕು. ಆಗದಿದ್ದರೆ ಯಾವುದೋ ಖಾತೆ ತಬ್ಬಲಿಯಾಗಿದೆ. ರೂಪಾಯಿಯೊಂದರಲ್ಲಿಯೇ ಬರೆದ ಪುಸ್ತಕವಾದರೆ ಎಲ್ಲ ಬಾಬುಗಳ ಮೌಲ್ಯವನ್ನು ಕೂಡಿದಾಗ ಸೊನ್ನೆ ಬರಬೇಕು. ಆಸ್ತಿ, ಖರ್ಚುಗಳು ಧನವಾಗಿಯೂ, ಆದಾಯ, ಸಾಲ, ಮೂಲಧನಗಳು ಋಣವಾಗಿಯೂ ಕಾಣುವುದನ್ನು ನೋಡಿ ಹೊಸಬರು ಬೆದರಬೇಕಾಗಿಲ್ಲ. ಜೋಡಿ ನಮೂದಿನ ಸಮತೋಲನವೇ ಹಾಗೆ. ಪ್ರಶ್ನೆಗಳೆಲ್ಲ ಓದುವುದಕ್ಕೆ ಸೀಮಿತವಾಗಿರತಕ್ಕದ್ದು. ಎಸ್‌ಕ್ಯೂಎಲ್ ಮೂಲಕ ಕೋಷ್ಟಕದೊಳಗೆ ನೇರವಾಗಿ ಬರೆಯಬಾರದೆಂದು ಗ್ನೂಕ್ಯಾಶನ್ನು ರಚಿಸಿದವರೇ ಎಚ್ಚರಿಸಿದ್ದಾರೆ.

ಯಾವ ಪ್ರಶ್ನೆಯಿಂದಲೂ ನೀಗದ ಒಂದು ಕೊರತೆ ಉಳಿಯುತ್ತದೆ. ವ್ಯವಹಾರಕ್ಕೆ ದಿನಾಂಕವಿದೆ, ತಾಯಿ ಮಗಳ ಸಂಬಂಧಕ್ಕೆ ದಿನಾಂಕವಿಲ್ಲ. ಅಮ್ಮನನ್ನು ಮುಂಬಯಿಗೆ ಕರೆತಂದ ಮೇಲೆ ಅಣ್ಣನು 'ಅಮ್ಮನ ಆರೈಕೆ' ಖಾತೆಯನ್ನು 'ಊರಮನೆ'ಯಿಂದ ಕಿತ್ತು ತನ್ನ ಮನೆಖರ್ಚಿನ ಕೆಳಗೆ ನೆಟ್ಟನೆಂದರೆ, ಕೋಷ್ಟಕದಲ್ಲಿ ಬದಲಾಗುವುದು ಒಂದೇ ಒಂದು ಗುರುತು. ಆದರೆ ಆ ಕ್ಷಣದಿಂದ ಕಳೆದ ವರ್ಷಗಳ 'ಊರಮನೆ'ಯ ಮೊತ್ತವೂ ಬದಲಾಗುತ್ತದೆ. ಹಿಂದೆ 1,72,190 ಎಂದು ಹೇಳಿ ಹಂಚಿಕೊಂಡ ವರ್ಷವನ್ನು ಈಗ ಕೇಳಿದರೆ ಅದೇ ಪ್ರಶ್ನೆಗೆ 68,350 ಎಂದು ಉತ್ತರ ಬರುತ್ತದೆ, ಮತ್ತು ಹಿಂದಿನ ಉತ್ತರದ ಕುರುಹು ಎಲ್ಲಿಯೂ ಇರುವುದಿಲ್ಲ. ಹೈದರಾಬಾದಿನ ತಮ್ಮನ ಹಳೆಯ ಕಾಗದದಲ್ಲಿ ಮಾತ್ರ ಒಂದು ಅಂಕಿ ಉಳಿದಿರುತ್ತದೆ. ಹಳೆಯ ಖಾತೆಯನ್ನು ಇದ್ದಲ್ಲಿಯೇ ಬಿಟ್ಟು ಹೊಸ ತಾಯಿಯ ಕೆಳಗೆ ಹೊಸ ಖಾತೆಯನ್ನು ತೆರೆಯುವುದು ಇದಕ್ಕೆ ಒಂದು ಪರಿಹಾರ. ಎಸ್‌ಕ್ಯೂಲೈಟಿನಲ್ಲಿ ಇಡೀ ಪುಸ್ತಕವು ಒಂದೇ ಕಡತವಾಗಿರುವುದರಿಂದ, ವರ್ಷದ ಲೆಕ್ಕವನ್ನು ತಮ್ಮಂದಿರಿಗೆ ಕಳುಹಿಸಿದ ದಿನವೇ ಆ ಕಡತದ ಒಂದು ಪ್ರತಿಯನ್ನು ದಿನಾಂಕದ ಹೆಸರಿನಲ್ಲಿ ತೆಗೆದಿಟ್ಟು, ಅಂದು ಕೇಳಿದ ಪ್ರಶ್ನೆಯ ಪಠ್ಯವನ್ನೂ ಅದರ ಜೊತೆಗೆ ಇಡುವುದು ಇನ್ನೊಂದು.